ಬ್ಲಫ್ ಅಂದ್ರೆ ಸುಳ್ಳಲ್ಲ

ಬಿಇ ಸೇರಿದ ಮೊದಲ ವಾರ. ಹಾಸ್ಟೆಲ್ಲಿನಲ್ಲಿ ಸೀನಿಯರ್‌ಗಳು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೆಸರು, ಊರು ಕೇಳ್ತಾ ಬಂದರು. ನನ್ನ ಸರದಿ ಬಂದಾಗ "ಮಳವಳ್ಳಿ ತಾಲ್ಲೂಕು ಸಾರ್, ಬ್ಲಫ್ ಹತ್ರ" ಅಂದೆ.

"ಯಾವುದ್ರ ಹತ್ರ?"

"ಬ್ಲಫ್ ಸಾರ್."

"ನೋಡ್ರೋ, ಬಂದ ಮೊದಲ ವಾರಾನೇ ಬ್ಲಫ್ ಬಿಡ್ತಾವ್ನೆ!"

ಎಲ್ಲರೂ ನಕ್ಕರು. ಮುಂದಿನ ನಾಲ್ಕು ವರ್ಷ ನನ್ನ ಹೆಸರು ಬ್ಲಫ್ ಮಾಸ್ಟರ್. ಪರೀಕ್ಷೆ ಚೆನ್ನಾಗಿ ಬರೆದಿದೀನಿ ಅಂದರೂ ನಂಬ್ತಿರಲಿಲ್ಲ, ದುಡ್ಡಿಲ್ಲ ಅಂದರೂ ನಂಬ್ತಿರಲಿಲ್ಲ.

ನಾನು ಸುಳ್ಳು ಹೇಳಿರಲಿಲ್ಲ. ಶಿವನಸಮುದ್ರದ ವಿದ್ಯುದಾಗಾರ ಇರುವ ಜಾಗಕ್ಕೆ ನಮ್ಮ ಕಡೆ ಬ್ಲಫ್ ಅಂತಲೇ ಹೆಸರು. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡಿನ ಮೇಲೆ ಕನ್ನಡದಲ್ಲೇ ಬ್ಲಫ್ ಅಂತ ಬರೆದಿರುತ್ತೆ. ಅಜ್ಜಿಯರು ಕಂಡಕ್ಟರನ್ನು "ಬ್ಲಫ್ಗೋಯ್ತದಾ?" ಅಂತ ಕೇಳಿ ಹತ್ತುತ್ತಾರೆ. ಆ ಪದದ ಅರ್ಥ ಏನು ಅಂತ ನಮ್ಮಲ್ಲಿ ಯಾರೂ ಕೇಳಿದವರಲ್ಲ. ಊರ ಹೆಸರಿಗೆ ಅರ್ಥ ಯಾಕೆ ಬೇಕು? ನಮ್ಮ ತಾತ ಮಾತ್ರ ಒಂದು ಅರ್ಥ ಇಟ್ಟುಕೊಂಡಿದ್ದರು: "ಕರೆಂಟು ಇಲ್ಲುಟ್ಟಿ ಕೋಲಾರುಕ್ಕೋಯ್ತು ಕಣ್ಲಾ ಮಗ. ನಮ್ಗೆ ಬ್ಲಫ್ ಬುಟ್ರು. ಅದ್ಕೇ ಆ ಹೆಸ್ರು."

ತಾತನ ವ್ಯುತ್ಪತ್ತಿ ತಪ್ಪು, ಇತಿಹಾಸ ಮಾತ್ರ ಸರಿ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಸುತ್ತಲ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಬಹಳ ಕಾಲ ಕಾದವು. ಹಾಗಿದ್ದಮೇಲೆ ತಾತನಂಥವರು ಬ್ಲಫ್ ಅನ್ನೋದಕ್ಕೆ ಬೇರೆ ಅರ್ಥ ಹುಡುಕಲಿ ಅನ್ನೋದು ಹೇಗೆ?

ಈಗ ವಿಷಯಕ್ಕೆ ಬರ್ತೀನಿ. ಇಂಗ್ಲಿಷಿನಲ್ಲಿ ಬ್ಲಫ್ ಅನ್ನೋ ಎರಡು ಪದ ಇವೆ. ಸುಳ್ಳು ಧೈರ್ಯ ತೋರಿಸಿ ಎದುರಾಳಿಯನ್ನು ಹೆದರಿಸೋದು ಒಂದು. ಅದು ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಪೋಕರ್ ಎಂಬ ಇಸ್ಪೀಟಾಟದಿಂದ ಹರಡಿದ್ದು. ಇನ್ನೊಂದು ಅದಕ್ಕಿಂತ ಹಳೆಯದು, ಹಡಗಿನವರ ಮಾತು. ಮುಂಭಾಗ ಚೂಪಾಗಿರದೆ ಅಗಲವಾಗಿ, ನೆಟ್ಟಗೆ ನಿಂತಿರುವ ಹಡಗನ್ನು ಬ್ಲಫ್ ಅನ್ನುತ್ತಿದ್ದರು. ಡಚ್ಚರಿಂದ ಬಂದಿರಬೇಕು ಅಂತ ಪಂಡಿತರು ಹೇಳ್ತಾರೆ. ಹಡಗಿನಲ್ಲಿ ಕೂತವನು ದಡ ನೋಡ್ತಾನಲ್ಲ, ಅವನಿಗೆ ಕೆಲವು ಕಡೆ ನೆಲ ನೀರಿನಿಂದ ಸೀದಾ ಗೋಡೆ ಥರ ಎದ್ದು ನಿಂತಿರೋದು ಕಾಣುತ್ತೆ. ತನ್ನ ಹಡಗಿನ ಮೂತಿ ಹೇಗಿದೆಯೋ ಹಾಗೇ. ಅದಕ್ಕೂ ಅದೇ ಹೆಸರಿಟ್ಟ. ಅಂದರೆ ಇದು ಎದುರಿಗೆ ನಿಂತು, ಕೆಳಗಿನಿಂದ ನೋಡಿದವನು ಕೊಟ್ಟ ಹೆಸರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಂಗ್ಲೆಂಡಿನವರು ಈ ಪದವನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಅಮೆರಿಕದ ಜಾರ್ಜಿಯಾ ವಸಾಹತಿಗೆ ಹೋಗಿಬಂದ ಫ್ರಾನ್ಸಿಸ್ ಮೂರ್ ಎಂಬಾತನ ಪ್ರವಾಸಕಥನ 1744ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಸವಾನಾ ಊರಿನ ಹೊಳೆದಂಡೆ ಕಡಿದಾಗಿದೆ ಅಂತ ಬರೆದು, ಇಲ್ಲಿಯ ಜನ ತಮ್ಮ ಅನಾಗರಿಕ ಇಂಗ್ಲಿಷಿನಲ್ಲಿ ಇದಕ್ಕೆ ಬ್ಲಫ್ ಅಂತಾರೆ ಅಂತ ಮೂಗು ಮುರಿದಿದ್ದಾನೆ. ಅಮೆರಿಕದ ಇಂಗ್ಲಿಷನ್ನು ಇಂಗ್ಲೆಂಡಿನವರು ಹೀಯಾಳಿಸಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು ಅಂತ ಲೆಕ್ಕ. ಮೂರ್ ಈಗ ಯಾರಿಗೂ ನೆನಪಿಲ್ಲ. ಬ್ಲಫ್ ಉಳೀತು.

ಉಳಿದು ಎಲ್ಲೆಲ್ಲಿಗೋ ಹೋಯಿತು. ಮಿಸಿಸಿಪ್ಪಿ ದಡದ ಮೆಂಫಿಸ್ ನಗರಕ್ಕೆ ಬ್ಲಫ್ ಸಿಟಿ ಅಂತಲೇ ಅಡ್ಡಹೆಸರು. ಅಯೋವಾದಲ್ಲಿ ಕೌನ್ಸಿಲ್ ಬ್ಲಫ್ಸ್ ಇದೆ. 1804ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಅಲ್ಲಿನ ಮೂಲನಿವಾಸಿಗಳ ಜತೆ ಸಭೆ ನಡೆಸಿದ ದಿಬ್ಬದ ಹೆಸರು ಅದು. ತಮಾಷೆ ಅಂದರೆ ಸಭೆ ನಡೆದದ್ದು ನದಿಯ ಆಚೆ ದಡದಲ್ಲಿ, ಇನ್ನೂ ಮೇಲಕ್ಕೆ. ಹೆಸರು ಮಾತ್ರ ಈಚೆ ದಡದ ಊರಿಗೆ ಬಂದು ಕೂತಿದೆ. ಜಪಾನಿನ ಯೊಕೊಹಾಮಾದಲ್ಲಿ ವಿದೇಶಿಯರು ಮನೆ ಕಟ್ಟಿಕೊಂಡ ಎತ್ತರದ ಜಾಗಕ್ಕೂ ಬ್ಲಫ್ ಅಂತಾರೆ. ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿ ಬ್ಲಫ್ ಅನ್ನೋ ಬಂದರಿದೆ. ಕೆನಡಾದ ಬಯಲುಸೀಮೆಯಲ್ಲಂತೂ ಬ್ಲಫ್ ಅಂದರೆ ಮರಗಳ ತೋಪು! ಬಯಲಿನಲ್ಲಿ ದೂರದಿಂದ ಗೋಡೆ ಥರ ಎದ್ದು ಕಾಣೋದು ಅಲ್ಲಿ ಅದೊಂದೇ ಇರಬೇಕು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಬ್ಲಫ್ ಅಂದರೆ ಬಂಡೆಯೇ ಆಗಬೇಕಂತಿಲ್ಲ. ಕೌನ್ಸಿಲ್ ಬ್ಲಫ್ಸ್‌ನ ದಿಬ್ಬಗಳು ಗಾಳಿ ಹೊತ್ತು ತಂದು ಸುರಿದ ನಯವಾದ ಮಣ್ಣಿನವು. ಪದ ಹೇಳ್ತಿರೋದು ಆಕಾರವನ್ನ, ಮಣ್ಣೋ ಕಲ್ಲೋ ಅಂತಲ್ಲ.

ಶಿವನಸಮುದ್ರಕ್ಕೆ ಈ ಪದ ಸರಿಯಾಗೇ ಹೊಂದುತ್ತೆ. ಕಾವೇರಿಯ ನೀರು ಮೇಲಿನಿಂದ ಕೊಳವೆಗಳಲ್ಲಿ ನೂರು ಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಟರ್ಬೈನ್ ತಿರುಗಿಸುತ್ತೆ. ಯೋಜನೆ ರೂಪಿಸಿದವರು ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಇಂಜಿನಿಯರ್, ಕೆನಡಾ ಮೂಲದ ಜೋಲಿ ಡಿ ಲೋಟ್ಬಿನೇರ್. ವಿದ್ಯುತ್ ಯಂತ್ರಗಳು ಬಂದದ್ದು ಅಮೆರಿಕದಿಂದ. ಬ್ಲಫ್ ಎಂಬುದು ದಿನಬಳಕೆಯ ಮಾತಾಗಿದ್ದ ನಾಡುಗಳ ನಂಟು ಹೀಗೆ ನಮ್ಮ ಕಾವೇರಿ ದಡಕ್ಕೆ ಇತ್ತು.

ಇಷ್ಟೆಲ್ಲ ನಾನು ಹುಡುಕಿ ಓದಿದ್ದಕ್ಕೆ ಊರ ಅಭಿಮಾನ ಕಾರಣ ಅಂದ್ಕೋಬೇಡಿ. ಕಾರಣ ಒಂದು ಎಕ್ಸೆಲ್ ಫೈಲು.

ಕೆಲವು ವರ್ಷದ ಹಿಂದೆ ನಾನಿದ್ದ ಟೀಮಿಗೆ ಪ್ರವಾಸಿಗಳು ಬಳಸುವ ಒಂದು ಮ್ಯಾಪ್ ಆ್ಯಪ್‌ನ ಕೆಲಸ ಬಂತು. ಆ್ಯಪ್‌ನ ಸೂಚನೆಗಳನ್ನೆಲ್ಲ ಭಾರತೀಯ ಭಾಷೆಗಳಿಗೆ ತರಬೇಕು. ಅನುವಾದವನ್ನು ಹೊರಗಿನ ಏಜೆನ್ಸಿಯೊಂದು ಮಾಡಿ ಕಳಿಸಿತ್ತು. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಟೀಮಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ ಅಂತ ಪರಿಶೀಲನೆ ನನ್ನ ತಲೆಗೆ ಬಿತ್ತು. ಸಾಲು ಸಾಲಾಗಿ ನೋಡ್ತಾ ಬಂದೆ. ಒಂದು ಕಡೆ ನಿಂತುಬಿಟ್ಟೆ. ಸಮುದ್ರತೀರದಲ್ಲಿ ತೋರಿಸುವ ಎಚ್ಚರಿಕೆ. ಅನ್‌ಸ್ಟೇಬಲ್ ಬ್ಲಫ್, ದೂರವಿರಿ ಅನ್ನೋ ಅರ್ಥದ ಇಂಗ್ಲಿಷ್ ವಾಕ್ಯ. ಎದುರಿಗೆ ಕನ್ನಡ: "ಅಸ್ಥಿರ ಮೋಸ, ದೂರವಿರಿ."

ಹಾಸ್ಟೆಲ್ ನೆನಪಾಗಿ ಜೋರಾಗಿ ನಕ್ಕೆ. ಪಕ್ಕದವನು ಏನಾಯ್ತು ಅಂದ. ಹೇಳಿದರೆ ಅವನಿಗೆ ಅರ್ಥ ಆಗಲ್ಲ. ಆಮೇಲೆ ನಗು ನಿಂತಿತು. ಯಾಕಂದರೆ ಪಟ್ಟಿಯಲ್ಲಿ ಇನ್ನೂ ಮೂರು ಪದ ಇದ್ದವು: ಕ್ಲಿಫ್, ಪ್ರೆಸಿಪಿಸ್, ಎಸ್ಕಾರ್ಪ್‌ಮೆಂಟ್. ಮೂರಕ್ಕೂ ಒಂದೇ ಕನ್ನಡ: ಪ್ರಪಾತ. ಅದು ನನಗೆ ತಪ್ಪು ಅನಿಸಲೂ ಇಲ್ಲ. ಮೋಸ ತೆಗೆದು ಬ್ಲಫ್‌ಗೂ ಪ್ರಪಾತ ಅಂತ ಹಾಕಿ, ನಾಲ್ಕೂ ಸಾಲಿಗೆ ಟಿಕ್ ಮಾಡಿ ಕಳಿಸಿಬಿಟ್ಟೆ. ಏಜೆನ್ಸಿಯವರನ್ನು ಬೈದುಕೊಂಡು ಮನೆಗೆ ಹೋದೆ.

ಏಜೆನ್ಸಿಯವರ ತಪ್ಪು ನಗು ತರಿಸುವಂಥದ್ದು, ಆದ್ದರಿಂದ ಅಪಾಯ ಇಲ್ಲ. ಓದಿದವನು ಇದೇನೋ ಎಡವಟ್ಟು ಅಂತ ಗೊತ್ತುಮಾಡ್ಕೊಳ್ತಾನೆ. ನನ್ನ ತಪ್ಪು ಸರಿ ಇರೋ ಥರ ಕಾಣುತ್ತೆ. ಅದೇ ಅಪಾಯ. ಇದು ನನಗೆ ಅರ್ಥ ಆಗಿದ್ದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ನನ್ನ ಹೆಂಡತಿಯ ತವರಿನಲ್ಲಿ.

ಮದುವೆಯಾದ ಮೊದಲ ಮಳೆಗಾಲ. ಕಾರು ಓಡಿಸಿಕೊಂಡು ಹೋಗಿ, ಮನೆ ಪಕ್ಕ ಗುಡ್ಡ ಕಡಿದು ಅಂಗಳ ಮಾಡಿದ್ದರಲ್ಲ, ಆ ಮಣ್ಣಿನ ಗೋಡೆಯ ಬುಡದಲ್ಲಿ ನಿಲ್ಲಿಸಿದೆ. ನೆನೆಯಲ್ಲ ಅಂತ ನನ್ನ ಲೆಕ್ಕ. ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಗಾಡಿ ಅಲ್ಲಿ ನಿಲ್ಸ್ಬೇಡಿ ಮಾರಾಯ್ರೆ. ಧರೆ ಬಿದ್ರೆ ಏನ್ ಮಾಡ್ತೀರಿ?"

ನಾನು ಪಿಳಿಪಿಳಿ ನೋಡಿದೆ. ನನಗೆ ಗೊತ್ತಿದ್ದ ಧರೆ ಅಂದರೆ ಭೂಮಿ. ಶಾಲೆಯಲ್ಲಿ ವಚನ, ಪದ್ಯಗಳಲ್ಲಿ ಓದಿದ್ದು. ಭೂಮಿ ಎಲ್ಲಿಗೆ ಬೀಳುತ್ತೆ? ಹೆಂಡತಿ ನಗ್ತಾ ಆ ಮಣ್ಣಿನ ಗೋಡೆ ತೋರಿಸಿದಳು. ಮಲೆನಾಡಿನಲ್ಲಿ ಧರೆ ಅಂದರೆ ಅದೇ. ನೆಟ್ಟಗೆ ನಿಂತ ಮಣ್ಣಿನ ಮುಖ. ಗುಡ್ಡ ಅಲ್ಲ, ಗುಡ್ಡದ ಕಡಿದಾದ ಎದುರುಭಾಗ. ಕೆಲವರು ದರೆ ಅಂತಲೂ ಬರೀತಾರೆ. ಮಳೆಗಾಲದಲ್ಲಿ ಆ ಕಡೆಯ ಪತ್ರಿಕೆ ಪುಟಗಳಲ್ಲಿ "ಧರೆ ಕುಸಿದು" ಅಂತ ಶುರುವಾಗುವ ಸುದ್ದಿ ಇದ್ದೇ ಇರುತ್ತೆ. ಕೊಡಗು, ಸುಳ್ಯದ ಕಡೆ ಇದಕ್ಕೆ ಬರೆ ಅಂತಾರೆ. ನಮ್ಮ ಮಂಡ್ಯದ ಕಡೆ ಬರೆ ಅಂದರೆ ಕಾದ ಕಬ್ಬಿಣದಲ್ಲಿ ಎಳೆಯೋದು. "ಬರೆ ಕುಸಿತ" ಅನ್ನೋ ಹೆಡ್ಡಿಂಗನ್ನು ನಾನು ಎಷ್ಟೋ ಸಲ ಅರ್ಥವಾಗದೇ ದಾಟಿ ಹೋಗಿದ್ದೆ.

ಅತ್ತೆಯ ಮಾತಿನಲ್ಲಿ ಇನ್ನೊಂದು ವಿಷಯ ಇತ್ತು. ಅವರು ಧರೆಯಿಂದ ಬೀಳ್ತೀರಿ ಅನ್ನಲಿಲ್ಲ. ಧರೆ ಬೀಳುತ್ತೆ ಅಂದರು.

ಪ್ರಪಾತ ಅನ್ನೋ ಪದವನ್ನ ಬಿಡಿಸಿ ನೋಡಿ. ಅದರೊಳಗೇ ಬೀಳುವಿಕೆ ಇದೆ. ನೀರು ಬಿದ್ದರೆ ಜಲಪ್ರಪಾತ. ಮೇಲೆ ಅಂಚಿನಲ್ಲಿ ನಿಂತು, ಕೆಳಗೆ ನೋಡಿ, ತಲೆ ತಿರುಗಿದವನ ಪದ ಅದು. ಇಂಗ್ಲಿಷಿನ ಪ್ರೆಸಿಪಿಸ್ ಕೂಡ ಹಾಗೇ, ಅದರ ಲ್ಯಾಟಿನ್ ಮೂಲದಲ್ಲಿ ತಲೆಕೆಳಗಾಗಿ ಬೀಳುವ ಅರ್ಥ ಇದೆ. ಈ ಎರಡಕ್ಕೆ ಜೋಡಿ ಚೆನ್ನಾಗಿದೆ. ಕಮರಿ, ಕೊಳ್ಳ ಅಂದರೆ ಕೆಳಗಿನ ತಗ್ಗು. ಬ್ಲಫ್ ಮತ್ತು ಧರೆ ಹಾಗಲ್ಲ. ಅವು ಕೆಳಗೆ ನಿಂತು ತಲೆ ಎತ್ತಿ ನೋಡಿದವನ ಪದಗಳು. ಒಂದನ್ನ ಹಡಗಿನವನು ಹುಟ್ಟಿಸಿದ, ಇನ್ನೊಂದು ಗುಡ್ಡದ ಬುಡದಲ್ಲಿ ಮನೆ ಕಟ್ಟಿದವರ ಬಾಯಲ್ಲಿ ಬಂತು.

ಈಗ ನನ್ನ ಅನುವಾದಕ್ಕೆ ವಾಪಸ್ ಬನ್ನಿ. ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಬ್ಲಫ್‌ನಿಂದ ದೂರವಿರಿ ಅನ್ನುವ ಫಲಕಗಳು ಸಾಮಾನ್ಯ. ಮೇಲೆ ನಡೆಯುವವರಿಗೆ ಎಷ್ಟೋ, ಕೆಳಗೆ ಮರಳಿನ ಮೇಲೆ ಕೂರುವವರಿಗೂ ಅಷ್ಟೇ ಅದು ಬೇಕು. 2019ರ ಆಗಸ್ಟ್‌ನಲ್ಲಿ ಎನ್ಸಿನಿಟಾಸ್ ಎಂಬಲ್ಲಿ ಬ್ಲಫ್‌ನ ಒಂದು ಭಾಗ ಕಳಚಿ, ಕೆಳಗೆ ಕೂತಿದ್ದ ಒಂದೇ ಕುಟುಂಬದ ಮೂವರು ಹೆಂಗಸರು ಸತ್ತರು. ಅಂಥ ಜಾಗದಲ್ಲಿ ಮೊಬೈಲ್ ತೆರೆದ ಕನ್ನಡಿಗನಿಗೆ "ಪ್ರಪಾತ, ದೂರವಿರಿ" ಅಂತ ತೋರಿಸಿದರೆ ಅವನು ಏನು ಮಾಡ್ತಾನೆ? ತನ್ನ ಕಾಲ ಮುಂದೆ ನೋಡ್ಕೊಳ್ತಾನೆ. ಅಲ್ಲಿ ಸಮತಟ್ಟು ಮರಳು. ಎಲ್ಲಿಯ ಪ್ರಪಾತ ಅಂದ್ಕೊಂಡು, ನೆರಳಿದೆ ಅಂತ ಗೋಡೆಗೇ ಒರಗಿ ಕೂರ್ತಾನೆ. ನಾನು ಕಾರು ನಿಲ್ಲಿಸಿದ ಹಾಗೆ.

ನಾವು ಇಂಗ್ಲಿಷಿನಿಂದ ನೆಲದ ಪದಗಳನ್ನ ತರುವಾಗ ಮಾಡುವ ತಪ್ಪು ಇದೇ ಅಂತ ನನ್ನ ದೂರು. ಪದವನ್ನ ಕೋಷ್ಟಕ ಅಂದ್ಕೊಳ್ತೀವಿ. ಒಂದು ಕೀ, ಅದಕ್ಕೊಂದು ವ್ಯಾಲ್ಯೂ. ಕಡಿದಾಗಿರುವುದಕ್ಕೆಲ್ಲ ಪ್ರಪಾತ. ಗಂಭೀರವಾಗಿ ಕೇಳುತ್ತೆ, ಪುಸ್ತಕದ ಪದ, ಯಾರೂ ಪ್ರಶ್ನೆ ಮಾಡಲ್ಲ. ಆದರೆ ಪದ ಹುಟ್ಟಿಸಿದವನು ಎಲ್ಲಿ ನಿಂತಿದ್ದ ಅನ್ನೋದನ್ನ ಕೇಳಲ್ಲ. ಮೇಲೆ ನಿಂತಿದ್ದನೋ, ಕೆಳಗೆ ನಿಂತಿದ್ದನೋ? ಅವನು ಬೀಳ್ತಾನೋ, ಅವನ ಮೇಲೆ ಬೀಳುತ್ತೋ?

ಇದು ಅನುವಾದದವರ ಜಗಳ ಮಾತ್ರ ಅಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಏನಾಯಿತು ನೆನಪಿಸಿಕೊಳ್ಳಿ. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು, ಜನ, ಎಲ್ಲ ಮಣ್ಣಿನಡಿಗೆ, ಗಂಗಾವಳಿ ನದಿಗೆ. ಕೇರಳದ ಒಬ್ಬ ಚಾಲಕನ ಲಾರಿ ನದಿಯೊಳಗಿಂದ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿನಲ್ಲಿ ಕೂತು ನಾವೆಲ್ಲ ಗುಡ್ಡ ಕುಸಿತ, ಭೂಕುಸಿತ ಅಂತ ಓದಿದೆವು, ಹಾಗೇ ಮಾತಾಡಿದೆವು. ಭೂಮಿ ಕುಸೀತು ಅಂದರೆ ಯಾರೇನು ಮಾಡೋಕಾಗುತ್ತೆ? ದೇವರ ಆಟ ಅನ್ಬೇಕು ಅಷ್ಟೇ. ಅಲ್ಲಿ ಭಾರಿ ಮಳೆ ಸುರಿದಿತ್ತು, ನಿಜ. ಹೆದ್ದಾರಿ ಅಗಲ ಮಾಡಲು ಗುಡ್ಡದ ಇಳಿಜಾರನ್ನು ಕಡಿದಿದ್ದರು, ಅದೂ ನಿಜ. ಕಡಿದಮೇಲೆ ಅಲ್ಲಿ ನಿಂತದ್ದು ಧರೆ.

ಕನ್ನಡದಲ್ಲಿ ಕಡಿದಾದ ಅಂದರೆ ನೆಟ್ಟಗಿರುವುದು. ಕಡಿ ಅಂದರೆ ಕತ್ತರಿಸು. ಒಂದಕ್ಷರ ಅತ್ತಿತ್ತ ಆದರೆ ಕಡಿದಾದ ಗುಡ್ಡ, ಕಡಿದ ಗುಡ್ಡ. ಮೊದಲನೆಯದನ್ನು ಮಳೆ, ಹೊಳೆ, ಕಾಲ ಮಾಡಿವೆ. ಎರಡನೆಯದನ್ನು ಜೆಸಿಬಿ ಮಾಡಿದೆ. ಗುಡ್ಡ ಕುಸಿಯಿತು ಅಂತ ಬರೆದಾಗ ಈ ವ್ಯತ್ಯಾಸ ಮಣ್ಣಿನ ಜತೆ ಕೊಚ್ಚಿ ಹೋಗುತ್ತೆ. ಧರೆ ಕುಸಿಯಿತು ಅಂದರೆ ಮಲೆನಾಡಿನವರು ಮುಂದಿನ ಪ್ರಶ್ನೆ ಕೇಳೇ ಕೇಳ್ತಾರೆ: ಎಷ್ಟು ಎತ್ತರ ಕಡಿದಿದ್ರು? ಎಷ್ಟು ಓರೆ ಬಿಟ್ಟಿದ್ರು? ನೀರು ಹೋಗೋಕೆ ಚರಂಡಿ ಇತ್ತಾ? ಸರಿಯಾದ ಪದ ಇದ್ದರೆ ಸರಿಯಾದ ಪ್ರಶ್ನೆ ತಾನಾಗೇ ಬರುತ್ತೆ.

ಇದಕ್ಕೆ ಆಕ್ಷೇಪ ಬರುತ್ತೆ, ಗೊತ್ತು. ಧರೆ ಮಲೆನಾಡಿನ ಮಾತು, ಬಳ್ಳಾರಿಯವರಿಗೆ, ಮಂಡ್ಯದವರಿಗೆ ಹೇಗೆ ಗೊತ್ತಾಗುತ್ತೆ? ನಿನಗೇ ಗೊತ್ತಿರಲಿಲ್ಲವಲ್ಲ? ಹೌದು, ಗೊತ್ತಿರಲಿಲ್ಲ. ಒಂದು ಸಲ ಅತ್ತೆ ಕೂಗಿದ್ದಕ್ಕೆ ಗೊತ್ತಾಯ್ತು, ಇನ್ನು ಮರೆಯಲ್ಲ. ಸವಾನಾದ ಹೊಳೆದಂಡೆಯ ಜನ ಆಡಿದ ಮಾತನ್ನು ಲಂಡನ್ನಿನವನು ಅನಾಗರಿಕ ಅಂದ. ಈಗ ಅದು ಇಂಗ್ಲಿಷ್ ಭೂಗೋಳದ ಪುಸ್ತಕದಲ್ಲೇ ಇದೆ. ಅವರು ತಮ್ಮ ಹಳ್ಳಿಗರ ಪದವನ್ನ ಎತ್ತಿ ಪ್ರಪಂಚಕ್ಕೆಲ್ಲ ಕೊಟ್ಟರು. ನಾವು ನಮ್ಮ ಹಳ್ಳಿಗರ ಪದವನ್ನ ಜಿಲ್ಲಾ ಪುಟದಲ್ಲೇ ಬಿಟ್ಟು, ರಾಜ್ಯದ ಪುಟಕ್ಕೆ ಬಂದಕೂಡಲೇ ಭೂಕುಸಿತ ಮಾಡ್ತೀವಿ.

ಹಾಗಂತ ಧರೆ ಎಲ್ಲ ಕಡೆಗೂ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಗಗನಚುಕ್ಕಿಯ ಎದುರು ನಿಂತು ನೋಡಿದರೆ ಕಾಣೋದು ಗಟ್ಟಿ ಬಂಡೆ. ಅದನ್ನು ಧರೆ ಅಂದರೆ ಅತ್ತೆಯೇ ಒಪ್ಪಲ್ಲ. ನಮ್ಮ ಕಡೆಯವರು ಅದಕ್ಕೆ "ಗ್ವಾಡೆ ನಿಂತಂಗದೆ" ಅಂತಾರೆ, ಅಷ್ಟು ಸಾಕು. ಪದ ಸಿಗದಿದ್ದರೆ ಹೀಗೆ ಬಿಡಿಸಿ ಹೇಳೋದರಲ್ಲಿ ಅವಮಾನ ಏನಿಲ್ಲ. ಓದುವವನು ಎಲ್ಲಿ ನಿಂತಿದಾನೆ, ಓದಿದಮೇಲೆ ಅವನು ಏನು ಮಾಡಬೇಕು, ಅದನ್ನ ನೋಡಿ ಪದ ಆರಿಸಬೇಕು. ಅಂಚಿನಲ್ಲಿರೋನಿಗೆ ಪ್ರಪಾತ. ಬುಡದಲ್ಲಿರೋನಿಗೆ ಧರೆ.

ತೀರ್ಥಹಳ್ಳಿಯಿಂದ ವಾಪಸ್ ಬಂದವನೇ ಆ ಫೈಲ್ ಮತ್ತೆ ತೆರೆಸಿದೆ. ಮುಗಿದ ಕೆಲಸ, ಯಾಕೆ ಕೆದಕ್ತೀಯ ಅಂದರು. ಒಂದೇ ಸಾಲು ಬದಲಾಯಿಸ್ತೀನಿ ಅಂದೆ. ಈಗ ಅಲ್ಲಿ ಹೀಗಿದೆ: "ಮೇಲಿನಿಂದ ಧರೆ ಕುಸಿಯಬಹುದು, ಬುಡದಲ್ಲಿ ನಿಲ್ಲಬೇಡಿ." ಇಂಗ್ಲಿಷಿಗಿಂತ ಉದ್ದ ಆಯಿತು, ಸ್ಕ್ರೀನಿನಲ್ಲಿ ಎರಡು ಸಾಲು ಹಿಡಿಯುತ್ತೆ ಅಂತ ಡಿಸೈನರ್ ಗೊಣಗಿದ. ಗೊಣಗಲಿ ಬಿಡಿ.

ಊರ ಹೆಸರನ್ನ ಮಾತ್ರ ಯಾರೂ ಅನುವಾದ ಮಾಡೋದು ಬೇಡ. ಬಸ್ಸಿನ ಬೋರ್ಡಿನಲ್ಲಿ ಬ್ಲಫ್ ಅಂತಲೇ ಇರಲಿ. ಹೋದ ವರ್ಷ ಮಳೆಗಾಲದಲ್ಲಿ ನನ್ನ ಹಳೇ ಸೀನಿಯರ್ ಒಬ್ಬರು ಹೆಂಡತಿ ಮಕ್ಕಳ ಜತೆ ಗಗನಚುಕ್ಕಿ ನೋಡೋಕೆ ಹೋಗಿದ್ದರಂತೆ. ಅಲ್ಲಿಂದಲೇ ಫೋನ್ ಮಾಡಿದರು.

"ಲೋ, ಇಲ್ಲಿ ಬಸ್ ಮೇಲೆ ನಿಜವಾಗ್ಲೂ ಬ್ಲಫ್ ಅಂತ ಬರ್ದಿದಾರಲ್ಲೋ!"

"ಹದಿನೈದು ವರ್ಷದಿಂದ ಅದನ್ನೇ ಹೇಳ್ತಿದೀನಿ ಸಾರ್" ಅಂದೆ.